ಒಂದೇ ವಿಳಾಸದ ಐದು ಹೆಂಗಸರು

ವೇಣೂರಿನಿಂದ ಮೂಡಬಿದಿರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮುಂಡಪ್ಪನಿಗೆ ಸೀಟು ಸಿಕ್ಕಿದ್ದು ಹೆಂಗಸರ ಸಾಲಿನಲ್ಲಿ. ಕಂಡಕ್ಟರ್ ನೋಣಯ್ಯ ಅವನ ಹಳೆಯ ಶಿಷ್ಯ; ‘ಕೂತ್ಕೊಳ್ಳಿ ಮಾಸ್ಟ್ರೇ, ಹೆಂಗಸರು ಬಂದರೆ ಆಮೇಲೆ ನೋಡುವ’ ಎಂದು ಒತ್ತಾಯ ಮಾಡಿ ಕೂರಿಸಿದ್ದ. ಕುಳಿತ ಮೇಲೆ ಸುಖವಿರಲಿಲ್ಲ. ಪ್ರತಿ ನಿಲ್ದಾಣದಲ್ಲೂ ಬಾಗಿಲ ಕಡೆ ನೋಡುವುದು, ಹತ್ತಿದವಳು ತನ್ನ ತನಕ ಬರುವ ಮೊದಲೇ ಎಲ್ಲಾದರೂ ಕುಳಿತುಬಿಡಲಿ ಎಂದು ಬಯಸುವುದು, ಇದೇ ಆಯಿತು. ಮೂರನೆಯ ನಿಲ್ದಾಣದಲ್ಲಿ ಬೀಡಿ ಎಲೆಯ ಕಟ್ಟು ಹಿಡಿದ ಹೆಂಗಸೊಬ್ಬಳು ಹತ್ತಿ, ನೇರ ಬಂದು ಅವನ ಪಕ್ಕದಲ್ಲೇ ಕಂಬ ಹಿಡಿದು ನಿಂತಳು. ಏನೂ ಹೇಳಲಿಲ್ಲ. ಹೇಳಿದ್ದರೆ ಎದ್ದುಬಿಡುತ್ತಿದ್ದ, ಹೇಳದೆ ಇದ್ದದ್ದರಿಂದ ತೊಡೆಯ ಮೇಲಿನ ಫೈಲು ಬಿಡಿಸಿ ತಲೆ ತಗ್ಗಿಸಿದ. ಮೊದಲ ಹಾಳೆಯಲ್ಲಿ ಅವನದೇ ದುಂಡು ಅಕ್ಷರದಲ್ಲಿ ಇವತ್ತಿನ ಉಪನ್ಯಾಸದ ವಿಷಯವಿತ್ತು: ‘ಅಂತರ್ಜಾಲದ ವಿಶ್ವಕೋಶದಲ್ಲಿ ಮಹಿಳೆಯರು ಯಾಕೆ ಬರೆಯುತ್ತಿಲ್ಲ?’ ಅದನ್ನು ನಾಲ್ಕು ಸಲ ಓದಿದ. ಹೆಂಗಸು ಮೂಡಬಿದಿರೆಯವರೆಗೂ ನಿಂತೇ ಬಂದಳು.

ಯಾಕೆ ಬರೆಯುತ್ತಿಲ್ಲ ಎಂಬುದಕ್ಕೆ ಅವನ ಹತ್ತಿರ ಕಾರಣಗಳು ಸಿದ್ಧವಿದ್ದವು. ಮನೆಗೆಲಸ, ಸಂಕೋಚ, ಕಂಪ್ಯೂಟರಿನ ಭಯ, ಮತ್ತೆ ಸ್ವಲ್ಪ ಆಲಸ್ಯ. ಕೊನೆಯದನ್ನು ಹೇಳುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ವಿಶ್ವಕೋಶದ ಕನ್ನಡ ವಿಭಾಗದಲ್ಲಿ ಬರೆಯುವ ಹೆಂಗಸರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಇದು ನಾಚಿಕೆಗೇಡು, ನಿಮ್ಮ ಜಿಲ್ಲೆಯಲ್ಲಿ ಒಂದು ಕಾರ್ಯಾಗಾರ ಮಾಡಿ ಎಂದು ವಿಶ್ವಕೋಶದ ಬೆಂಗಳೂರಿನ ಬಳಗದವರು ಈಮೇಲು ಬರೆದಿದ್ದರು. ಮುಂಡಪ್ಪ ಹೌದೌದು ಎಂದು ಉತ್ತರಿಸಿದ್ದ. ಐವತ್ತನಾಲ್ಕು ವರ್ಷದ, ಬೆಳ್ತಂಗಡಿಯ ಪಿಯು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ, ಪ್ರಿನ್ಸಿಪಾಲರು ಯಾವ ಸಮಿತಿಗೂ ಹಾಕದ ಮುಂಡಪ್ಪನಿಗೆ ಆ ವಿಶ್ವಕೋಶದಲ್ಲಿ ಬೇರೆಯೇ ಒಂದು ಬಾಳಿತ್ತು. ಅಲ್ಲಿ ಅವನು ‘ಫಲ್ಗುಣಿ’. ಬಂಟ್ವಾಳದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮಗಳು ಅಕ್ಷಿತಾ ಮೂರು ವರ್ಷದ ಕೆಳಗೆ ಟೈಪಿಂಗ್ ಕಲಿಸಿ ಖಾತೆ ಮಾಡಿಕೊಟ್ಟಾಗ ಮನೆಯ ಹತ್ತಿರದ ನದಿಯ ಹೆಸರು ಹಾಕಿದ್ದು. ಎರಡೇ ವರ್ಷದಲ್ಲಿ ಅವನನ್ನು ನಿರ್ವಾಹಕನನ್ನಾಗಿ ಮಾಡಿದರು. ಲೇಖನ ಅಳಿಸುವ, ಉಪದ್ರವ ಕೊಡುವವರನ್ನು ತಡೆಯುವ ಅಧಿಕಾರ ಇದ್ದದ್ದು ಐದಾರು ಜನರಿಗೆ. ಎಲ್ಲರೂ ಗಂಡಸರು, ಅದು ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ. ಫಲ್ಗುಣಿ ಯಾರೆಂದು ಬೆಂಗಳೂರಿನ ಇಬ್ಬರಿಗೆ, ಮಗಳಿಗೆ, ಹೆಂಡತಿ ಕುಸುಮಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದರಲ್ಲೇ ಒಂದು ರುಚಿ ಇತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ತನ್ನ ಮಾತನ್ನು ಅರ್ಧಕ್ಕೆ ತುಂಡರಿಸಿದರೆ, ಇವನು ನಿನ್ನೆ ಬರೆದದ್ದನ್ನು ನಾನು ಒಂದು ಗುಂಡಿ ಒತ್ತಿ ಇಲ್ಲ ಮಾಡಬಲ್ಲೆ ಎಂದುಕೊಳ್ಳುತ್ತಿದ್ದ. ಆ ಮನುಷ್ಯ ವಿಶ್ವಕೋಶದ ಹೆಸರನ್ನೇ ಕೇಳಿರಲಿಲ್ಲ, ಅದು ಬೇರೆ ಮಾತು.

ಮೂಡಬಿದಿರೆ ದಾಟಿ ಮಿಜಾರಿನ ಕಾಲೇಜಿನ ಗೇಟಿನಲ್ಲಿ ಕಂಪ್ಯೂಟರ್ ವಿಭಾಗದ ಶಿಫಾನಾ ಮೇಡಂ ಕಾಯುತ್ತಿದ್ದರು. ಮೂವತ್ತರ ಹರೆಯ, ತಲೆಗೆ ಬೂದು ಬಣ್ಣದ ಸ್ಕಾರ್ಫು, ಎಣಿಸಿ ಆಡುವ ಮಾತು. ‘ಇಪ್ಪತ್ತೆರಡು ಮಕ್ಕಳು ಬಂದಿದ್ದಾರೆ ಸರ್, ಎಲ್ಲ ಹುಡುಗಿಯರೇ. ಮೊದಲು ಸ್ವಲ್ಪ ಹಿಂಜರಿದರು. ನಾನೇ ಒತ್ತಾಯ ಮಾಡಿದ್ದು’ ಎಂದರು. ಯಾಕೆ ಹಿಂಜರಿದರೆಂದು ಅವನು ಕೇಳಲಿಲ್ಲ; ಸಂಕೋಚ ಎಂಬುದು ಅವನ ಪಟ್ಟಿಯಲ್ಲಿ ಇದ್ದೇ ಇತ್ತು. ಲ್ಯಾಬಿನಲ್ಲಿ ಸಾಲು ಕಂಪ್ಯೂಟರುಗಳು, ಗೋಡೆಗೆ ದೊಡ್ಡ ಪರದೆ, ಮೇಜಿನ ಮೇಲೆ ಅವನಿಗೆಂದು ಎಳನೀರು. ಪರಿಚಯ ಮಾಡಿಕೊಡುವಾಗ ಶಿಫಾನಾ ‘ಅನುಭವಿ ಸಂಪಾದಕರು’ ಎಂದಾಗ ಅವನು ಅಲ್ಲ ಅಲ್ಲ ಎನ್ನುವವನ ಹಾಗೆ ತಲೆ ಅಲ್ಲಾಡಿಸಿದ. ಕಾರಣಗಳನ್ನು ಹೇಳಿದ, ಆಲಸ್ಯವನ್ನೂ ಸೇರಿಸಿ. ಒಬ್ಬಳೂ ನಗಲಿಲ್ಲ. ನಂತರ, ‘ಭಯಪಡಬಾರದು, ತಪ್ಪಾದರೂ ಅಡ್ಡಿಯಿಲ್ಲ, ಈಗ ಎಲ್ಲರೂ ನಿಮ್ಮ ನಿಮ್ಮ ಊರಿನ ಬಗ್ಗೆ ಒಂದು ಸಾಲು ಬರೆದು ಉಳಿಸಿ’ ಎಂದ. ಕೀಲಿಗಳ ಶಬ್ದ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ನಿಂತಿತು. ಹುಡುಗಿಯರು ಒಬ್ಬರ ಪರದೆಯನ್ನು ಒಬ್ಬರು ಬಗ್ಗಿ ನೋಡತೊಡಗಿದರು.

ಇಪ್ಪತ್ತೆರಡು ಪರದೆಗಳ ಮೇಲೂ ಕೆಂಪು ಅಂಚಿನ ಒಂದೇ ಚೌಕ ಬಂದು ಕುಳಿತಿತ್ತು. ಗೋಡೆಯ ಮೇಲೆ ಅದು ಬಾಗಿಲಿನಷ್ಟು ಎತ್ತರವಿತ್ತು: ‘ಈ ವಿಳಾಸದಿಂದ ಬರೆಯುವುದನ್ನು ತಡೆಹಿಡಿಯಲಾಗಿದೆ. ತಡೆದವರು: ಫಲ್ಗುಣಿ. ಕಾರಣ: ಒಬ್ಬನೇ ವ್ಯಕ್ತಿ ಹಲವು ಹೆಸರುಗಳಲ್ಲಿ ಬರೆಯುತ್ತಿರುವುದು.’ ಮುಂಡಪ್ಪನಿಗೆ ಮೊದಲು ಕಂಡದ್ದು ತನ್ನದೇ ವಾಕ್ಯ. ಬರೆಯುವಾಗ ಎಷ್ಟು ಅಚ್ಚುಕಟ್ಟಾಗಿದೆ ಎಂದುಕೊಂಡಿದ್ದ. ಮೂರು ವಾರದ ಹಿಂದಿನ ಆ ಭಾನುವಾರ ನೆನಪಾಯಿತು. ಖದೀಜ ಎಂಬ ಸೂಲಗಿತ್ತಿಯ ಬಗ್ಗೆ ಯಾರೋ ಲೇಖನ ಹಾಕಿದ್ದರು. ವೇಣೂರಿನ ಸುತ್ತ ನಲವತ್ತು ವರ್ಷ ಹೆರಿಗೆ ಮಾಡಿಸಿದವಳು ಎಂದಿತ್ತು. ಮೊದಲ ಪ್ಯಾರಾದಲ್ಲೇ ‘ಅವರು ಹೆರುವವಳ ಮನೆಗೆ ಹೋದರೆ ಬಿಸಿನೀರು ಕೇಳುತ್ತಿರಲಿಲ್ಲ, ಮೊದಲು ಹೆಸರು ಕೇಳುತ್ತಿದ್ದರು’ ಎಂಬ ವಾಕ್ಯ ಕಂಡು, ಇದು ವಿಶ್ವಕೋಶವೋ ವಾರಪತ್ರಿಕೆಯೋ ಎಂದು ಅವನಿಗೆ ಸಿಟ್ಟು ಬಂತು. ಅಚ್ಚಾದ ಆಧಾರ ಒಂದೂ ಇರಲಿಲ್ಲ. ಮುಂದೆ ಓದಲಿಲ್ಲ, ‘ಅಳಿಸಬೇಕು’ ಎಂದು ಚೀಟಿ ಅಂಟಿಸಿದ. ಎರಡೇ ದಿನದಲ್ಲಿ ‘ಅಳಿಸಬೇಡಿ’ ಎಂದು ಬರೆಯಲು ಐದು ಹೊಸ ಹೆಸರುಗಳು ಬಂದವು, ಐದೂ ಹೆಂಗಸರ ಹೆಸರು. ಅವನು ಮೇಲಿನವರಿಗೆ ಬರೆದು ಪರೀಕ್ಷೆ ಮಾಡಿಸಿದ. ಐದು ಹೆಸರೂ ಬರುತ್ತಿದ್ದದ್ದು ಅಂತರ್ಜಾಲದ ಒಂದೇ ವಿಳಾಸದಿಂದ, ಮಂಗಳೂರಿನ ಕಡೆಯದ್ದು ಎಂದಷ್ಟೇ ತಿಳಿಯುವ ಒಂದು ಸಂಖ್ಯೆಯಿಂದ. ಒಂದು ಕಾಲೇಜಿನ ಎಲ್ಲ ಕಂಪ್ಯೂಟರುಗಳಿಗೂ ಹೊರಗಿನಿಂದ ಕಾಣುವ ವಿಳಾಸ ಒಂದೇ ಇರುತ್ತದೆ ಎಂಬುದು ಅವನಿಗೆ ತಿಳಿಯದ್ದೇನಲ್ಲ. ಆದರೆ ನಮ್ಮ ತಾಲೂಕಿನ ಒಬ್ಬ ಬ್ಯಾರಿ ಮುಸಲ್ಮಾನ ಸೂಲಗಿತ್ತಿಗಾಗಿ ಐದು ಹೆಂಗಸರು ಕೂತು ವಾದ ಮಾಡುತ್ತಾರೆ ಎಂದು ನಂಬುವುದಕ್ಕಿಂತ, ಯಾವನೋ ಒಬ್ಬ ಪೋಕರಿ ಐದು ಹೆಂಗಸರ ಹೆಸರು ಇಟ್ಟುಕೊಂಡಿದ್ದಾನೆ ಎಂದು ನಂಬುವುದು ಅವನಿಗೆ ಸುಲಭವಾಗಿತ್ತು. ಲೇಖನ ಅಳಿಸಿ, ಖಾತೆಗಳನ್ನೂ ವಿಳಾಸವನ್ನೂ ಆರು ತಿಂಗಳಿಗೆ ತಡೆದು, ಊಟಕ್ಕೆ ಕುಳಿತಾಗ ಕುಸುಮಳಿಗೆ ಹೇಳಿಯೂ ಇದ್ದ: ‘ಒಬ್ಬ ಐದು ಹೆಂಗಸರ ವೇಷ ಹಾಕಿ ಬಂದಿದ್ದ. ಹಿಡಿದೆ.’ ಅವಳು ಸಾರು ಬಡಿಸುತ್ತಿದ್ದಳು.

‘ಸರ್, ಈ ಫಲ್ಗುಣಿ ಅಂದರೆ ಯಾರು?’ ಶಿಫಾನಾ ಕೇಳಿದರು.

ಹೇಳಿಬಿಡಬಹುದಿತ್ತು. ಮೂವತ್ತು ಸೆಕೆಂಡಿನ ಕೆಲಸ: ಈ ಮೇಜಿನ ಕಂಪ್ಯೂಟರಿನಲ್ಲೇ ತನ್ನ ಖಾತೆಯಿಂದ ಒಳಗೆ ಹೋಗಿ ತಡೆ ತೆಗೆದರೆ ಹುಡುಗಿಯರು ಬರೆಯಬಹುದು. ಆದರೆ ಒಳಗೆ ಹೋದ ಕೂಡಲೇ ಗೋಡೆಯ ಮೇಲಿನ ಪರದೆಯ ಮೂಲೆಯಲ್ಲಿ ಹೆಸರು ಮೂಡುತ್ತದೆ. ನಲವತ್ತನಾಲ್ಕು ಕಣ್ಣುಗಳು. ‘ಯಾರೋ ಬೆಂಗಳೂರಿನವರು ಇರಬೇಕು’ ಎಂದಿತು ಅವನ ಬಾಯಿ. ‘ನಿಮ್ಮ ಖಾತೆಯಿಂದ ಏನಾದರೂ ಮಾಡಲಿಕ್ಕೆ ಆಗ್ತದಾ ಸರ್?’ ಅವನು ಜೇಬು ಮುಟ್ಟಿಕೊಂಡ. ‘ಪಾಸ್‌ವರ್ಡ್ ಮನೆಯಲ್ಲಿ ಬರೆದಿಟ್ಟದ್ದು. ನೆನಪಿಲ್ಲ.’ ಅಕ್ಷಿತಾಳ ಹೆಸರು ಮತ್ತು ಹುಟ್ಟಿದ ವರ್ಷ ಸೇರಿಸಿದರೆ ಆಯಿತು, ಯಾವ ತಂದೆಗೂ ಮರೆಯದ ಪಾಸ್‌ವರ್ಡು. ಶಿಫಾನಾ ಅವನನ್ನು ಒಂದು ಕ್ಷಣ ನೋಡಿ, ‘ಹಾಗಾದರೆ ಬೋರ್ಡಿನಲ್ಲೇ ಹೇಳಿಕೊಡಿ ಸರ್’ ಎಂದು ಚಾಕ್‌ಪೀಸಿನ ಡಬ್ಬಿ ತಂದಿಟ್ಟರು. ಅಂತರ್ಜಾಲದಲ್ಲಿ ಬರೆಯುವುದು ಹೇಗೆಂದು ಅವನು ಒಂದೂವರೆ ಗಂಟೆ ಕರಿಹಲಗೆಯ ಮೇಲೆ ಬರೆದು ತೋರಿಸಿದ. ಅಚ್ಚಾದ ಆಧಾರ ಯಾಕೆ ಬೇಕು ಎಂಬಲ್ಲಿಗೆ ಬಂದಾಗ ಎರಡನೆಯ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು.

‘ನನ್ನ ಹೆಸರು ಫರ್ಹಾನ ಸರ್. ವೇಣೂರು. ನಮ್ಮ ಉಮ್ಮನ ಉಮ್ಮ, ಅಂದರೆ ಅಜ್ಜಿಯ ಬಗ್ಗೆ ನಾನು ಹಾಕಿದ್ದೆ. ಖದೀಜ ಅಂತ. ಅಳಿಸಿಬಿಟ್ಟಿದ್ದಾರೆ.’ ಅವಳ ಧ್ವನಿಯಲ್ಲಿ ದೂರು ಇರಲಿಲ್ಲ, ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳುತ್ತಿದ್ದಳು. ‘ನಾವು ಐದು ಜನ ಅಳಿಸಬೇಡಿ ಅಂತ ಬರೆದೆವು. ಐದು ಜನವೂ ಇಲ್ಲೇ ಇದ್ದೇವೆ ಸರ್.’ ಅಲ್ಲಲ್ಲಿ ನಾಲ್ಕು ಹುಡುಗಿಯರು, ಹಾಜರಿ ಕರೆದ ಹಾಗೆ, ಎದ್ದು ನಿಂತರು. ಒಬ್ಬಳು ತುಂಬ ಕುಳ್ಳಗಿದ್ದಳು, ಒಬ್ಬಳ ಹಣೆಯಲ್ಲಿ ಕುಂಕುಮವಿತ್ತು. ‘ಒಬ್ಬನೇ ಅಂತ ಬರೆದಿದ್ದಾರೆ. ಒಬ್ಬಳೇ ಅಂತಲೂ ಅಲ್ಲ.’ ಈಗ ಯಾರೋ ನಕ್ಕರು.

ಮುಂಡಪ್ಪ ಚಾಕ್‌ಪೀಸನ್ನು ಕೆಳಗಿಟ್ಟ. ‘ಆದರೂ ನೋಡಮ್ಮ, ಆಧಾರ ಬೇಕಲ್ಲ. ಎಲ್ಲಾದರೂ ಅಚ್ಚಾಗಿರಬೇಕು.’

‘ಅಚ್ಚಾಗಬೇಕಿತ್ತು ಸರ್. ಊರಿನ ಒಬ್ಬರು ಟೀಚರ್ ಬರೆದು ಒಂದು ಪುಸ್ತಕಕ್ಕೆ ಕೊಟ್ಟಿದ್ದರಂತೆ, ತೊಂಬತ್ತಾರರಲ್ಲಿ. ಬರಲಿಲ್ಲ. ಮತ್ತೆ ಆ ಕಾಗದ ಉಮ್ಮನಿಗೆ ಕೊಟ್ಟರು, ಇಟ್ಟುಕೊಳ್ಳಿ ಅಂತ. ನಾನು ಅದನ್ನೇ ಇದ್ದ ಹಾಗೆ ಟೈಪ್ ಮಾಡಿದ್ದು.’

‘ಯಾವ ಟೀಚರ್?’ ಎಂದು ಶಿಫಾನಾ ಕೇಳಿದರು.

‘ಹೆಸರು ಹೇಳಬಾರದು ಅಂದಿದ್ದಾರೆ’ ಎಂದು ಫರ್ಹಾನ ಅವನನ್ನೇ ನೋಡಿದಳು. ಅವಳಿಗೆ ಎಲ್ಲ ಗೊತ್ತೋ ಅಥವಾ ಏನೂ ಗೊತ್ತಿಲ್ಲವೋ, ಆ ನೋಟದಿಂದ ತಿಳಿಯುವಂತಿರಲಿಲ್ಲ. ‘ನಾನು ನೋಡ್ತೇನೆ’ ಎಂದ ಮುಂಡಪ್ಪ. ‘ಬೆಂಗಳೂರಿಗೆ ಬರೆದು ನೋಡ್ತೇನೆ.’ ಕೊನೆಯಲ್ಲಿ ಅವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಹುಡುಗಿಯರ ಜೊತೆ ನಿಲ್ಲಿಸಿ ಫೋಟೋ ತೆಗೆದರು. ಬೆಂಗಳೂರಿಗೆ ಕಳಿಸಬೇಕಾದ ವರದಿಗೆ ಫೋಟೋ ಬೇಕಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇದ್ದರೂ ಅವನು ಸ್ವಲ್ಪ ದೂರ ನಿಂತೇ ಇದ್ದ. ತೊಂಬತ್ತಾರು ಎಂದರೆ ಊರಿನ ವಾಚನಾಲಯದ ಬೆಳ್ಳಿಹಬ್ಬ. ಸ್ಮರಣ ಸಂಚಿಕೆಗೆ ಸಂಪಾದಕ ಅವನೇ. ಅಂಗನವಾಡಿ ಟೀಚರ್ ಕುಸುಮ ಒಂದು ಸಂಜೆ ಕೆಲಸದಿಂದ ಬಂದು ನಾಲ್ಕು ಹಾಳೆ ಮೇಜಿನ ಮೇಲಿಟ್ಟು, ‘ಖದೀಜಮ್ಮನ ಬಗ್ಗೆ ಬರೆದಿದ್ದೇನೆ. ಸರಿ ಉಂಟಾ ನೋಡಿ’ ಎಂದಿದ್ದಳು. ಮದುವೆಯಾದ ಮೇಲೆ ಅವಳು ಹಾಲಿನ ಲೆಕ್ಕ, ಅಂಗನವಾಡಿಯ ವರದಿ ಬಿಟ್ಟು ಬೇರೆ ಬರೆದದ್ದನ್ನು ಅವನು ಕಂಡಿರಲಿಲ್ಲ. ಮೊದಲ ಎರಡು ಸಾಲು ಓದಿ, ಆಮೇಲೆ ನೋಡುತ್ತೇನೆಂದು ಪೇಪರ್‌ವೇಯ್ಟಿನ ಕೆಳಗಿಟ್ಟ. ಅಧ್ಯಕ್ಷರ ಸಂದೇಶ, ಗೌರವಾಧ್ಯಕ್ಷರ ಸಂದೇಶ, ದುಬೈಯಿಂದ ಶುಭ ಕೋರಿದ ಹದಿನೆಂಟು ಮಹನೀಯರ ಭಾವಚಿತ್ರ, ಅಜಿಲ ಅರಸರ ಶಾಸನಗಳ ಬಗ್ಗೆ ಅವನದೇ ಒಂಬತ್ತು ಪುಟದ ಪ್ರಬಂಧ; ಪುಟ ಸಾಲಲಿಲ್ಲ. ‘ಜಾಗ ಇಲ್ಲ ಮಾರಾಯ್ತಿ’ ಎಂದು ಹಾಳೆಗಳನ್ನು ಹಿಂದೆ ಕೊಟ್ಟಿದ್ದ. ಅವಳು ಮತ್ತೆ ಯಾವತ್ತೂ ಏನೂ ಬರೆದು ತೋರಿಸಲಿಲ್ಲ. ತೋರಿಸಲಿಲ್ಲ ಎಂಬುದು ಅವನಿಗೆ ಹೊಳೆದದ್ದು ಈಗ, ಹದಿಮೂರು ವರ್ಷದ ಮೇಲೆ. ಅದೇ ಸಂಚಿಕೆಯ ಅದೇ ಪ್ರಬಂಧವನ್ನು ಫಲ್ಗುಣಿ ವಿಶ್ವಕೋಶದ ಏಳು ಲೇಖನಗಳಲ್ಲಿ ಆಧಾರವಾಗಿ ಕೊಟ್ಟಿದ್ದ. ಮುಂಡಪ್ಪ ಬರೆದದ್ದಕ್ಕೆ ಮುಂಡಪ್ಪ ಅಚ್ಚು ಹಾಕಿಸಿದ್ದು ಆಧಾರ, ಅದನ್ನು ಒಪ್ಪಿದವನು ಫಲ್ಗುಣಿ.

ಖದೀಜ ಅವನ ಮನೆಗೆ ಬಂದದ್ದು ಎಂಬತ್ತೈದರಲ್ಲಿ. ಚೊಚ್ಚಲ ಹೆರಿಗೆಗೆ ಕುಸುಮಳನ್ನು ಮುಂಡಾಜೆಯ ತವರಿಗೆ ಕರೆದೊಯ್ಯಬೇಕಾದ ದಿನಕ್ಕೆ ಒಂದು ವಾರ ಮೊದಲೇ ನೋವು ಬಂತು, ಜೀಪು ಸಿಗಲಿಲ್ಲ, ‘ಹೋಗಿ ಆ ಬ್ಯಾರ್ದಿಯನ್ನಾದರೂ ಕರೆಯಿರಿ’ ಎಂದು ತಾಯಿ ಕೂಗಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ಖದೀಜ ಬೇಗ ಬೇಗ ನಡೆದು ಬಂದು, ಚಪ್ಪಲಿ ಅಂಗಳದಲ್ಲೇ ಬಿಟ್ಟು ಒಳಗೆ ಹೋದದ್ದು ನೆನಪಿದೆ. ಎಲ್ಲ ಮುಗಿದು ಅವಳು ಹೊರಗೆ ಬಂದಾಗ ತಾಯಿ ಕೊಟ್ಟಿಗೆಯ ಮಾಡಿನ ಸೂರಿಗೆ ಸಿಕ್ಕಿಸಿಟ್ಟಿದ್ದ ಗ್ಲಾಸನ್ನು ತೊಳೆದು ಕಾಫಿ ಕೊಟ್ಟಳು. ಆ ಗ್ಲಾಸು ಎಲ್ಲಿಂದ ಬಂತೆಂದು ಖದೀಜ ನೋಡಿದಳು. ‘ನನಗೆ ಇವತ್ತು ನೋಂಬು ಅಮ್ಮ, ಬೇಡ’ ಎಂದು ನಗುತ್ತಲೇ ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಅದು ಉಪವಾಸದ ತಿಂಗಳಲ್ಲವೆಂದು ಅವನಿಗೆ ಗೊತ್ತಿತ್ತು. ಒಳಗಿನಿಂದ ಬೇರೆ ಗ್ಲಾಸು ತರಲು ಅವನು ಹೇಳಲಿಲ್ಲ. ಆದರೆ ಅದಕ್ಕೆ ಮೊದಲು, ಮಗು ಅತ್ತ ಕೂಡಲೇ, ಬಾಗಿಲ ಹೊರಗಿನಿಂದ ‘ಕುಸುಮ ಹೇಗಿದ್ದಾಳೆ?’ ಎಂದು ತಾನು ಕೇಳಿದ್ದ ನೆನಪು ಅವನಲ್ಲಿ ಗಟ್ಟಿಯಾಗಿತ್ತು. ಆ ದಿನದಲ್ಲಿ ಅವನು ಉಳಿಸಿಕೊಂಡದ್ದು ಅದೊಂದನ್ನೇ. ಬೇಸರವಾದಾಗ ಅದನ್ನು ಎತ್ತಿ ನೋಡಿ, ನಾನೇನು ಅಷ್ಟು ಕೆಟ್ಟವನಲ್ಲ ಎಂದುಕೊಳ್ಳುತ್ತಿದ್ದ.

ಮನೆಗೆ ಬಂದಾಗ ಎರಡೂವರೆ. ಕುಸುಮ ಹಿಂದಿನ ಜಗಲಿಯಲ್ಲಿ ಕುಳಿತು ಬಸಳೆ ಸೋಸುತ್ತಿದ್ದಳು. ಶಾಲು, ಹಣ್ಣಿನ ಬುಟ್ಟಿ ನೋಡಿ, ‘ಸನ್ಮಾನವೂ ಆಯ್ತಾ’ ಎಂದಳು. ಅವನು ಅಂಗಿಯ ಗುಂಡಿ ಬಿಚ್ಚುತ್ತ ನಿಂತೇ ಕೇಳಿದ:

‘ಖದೀಜನ ಬಗ್ಗೆ ಬರೆದದ್ದು ಇತ್ತಲ್ಲ ನೀನು. ಅದು ಎಲ್ಲುಂಟು?’

‘ಅವರ ಮಗಳಿಗೆ ಕೊಟ್ಟೆ. ನಿಮ್ಮ ಪುಸ್ತಕ ಬಂದ ವಾರವೇ.’

‘ಅವಳ ಮಗಳು ಅದನ್ನು ಕಂಪ್ಯೂಟರಿಗೆ ಹಾಕಿದ್ದಾಳೆ.’

‘ಗೊತ್ತುಂಟು. ಹಾಕಲಾ ಟೀಚರ್ ಅಂತ ನನ್ನನ್ನೇ ಕೇಳಿದ್ದು.’ ಒಂದು ದಂಟನ್ನು ಮುರಿದು ಬದಿಗಿಟ್ಟಳು. ‘ಅಳಿಸಿದ್ದು ಯಾರು ಅಂತಲೂ ಗೊತ್ತುಂಟು. ನೀವೇ ಹೇಳಿದ್ದಲ್ಲವಾ ಊಟ ಮಾಡುವಾಗ, ಹಿಡಿದೆ ಅಂತ.’

‘ಮತ್ತೆ ನೀನು ಯಾಕೆ ಹೇಳಲಿಲ್ಲ?’ ಅವನ ಧ್ವನಿ ಏರಿತು. ತಪ್ಪು ಅವಳ ಕಡೆಗೂ ಸ್ವಲ್ಪ ಸರಿದೀತೆಂಬ ಆಸೆ ಆ ಏರಿದ ಧ್ವನಿಯಲ್ಲಿತ್ತು.

ಕುಸುಮ ತಲೆ ಎತ್ತಿದಳು. ‘ಅಕ್ಷರ ಗೊತ್ತಾಗದ್ದು ಸರಿ. ಟೈಪ್ ಮಾಡಿದ್ದು ಅಲ್ಲವಾ ಅದು. ಮಾತಾದರೂ ಗೊತ್ತಾಗ್ತದೆ ಅಂತ ಎಣಿಸಿದ್ದೆ. ಇಪ್ಪತ್ತಾರು ವರ್ಷ ಆಯಿತಲ್ಲ, ನಾನು ಮಾತಾಡುವುದು ನೀವು ಕೇಳುವುದು.’ ಬಸಳೆಯ ಎಲೆ ಕೈಯಲ್ಲೇ ಹಿಡಿದು, ‘ಓದಿದ್ರಾ ಪೂರ್ತಿ?’ ಎಂದಳು.

‘ಓದಿದೆ’ ಎಂದ ಮುಂಡಪ್ಪ.

‘ಹೌದಾ’ ಎಂದು ಅವಳು ಮತ್ತೆ ಸೊಪ್ಪಿನ ಕಡೆ ಬಗ್ಗಿದಳು.

‘ವಾಪಸು ತರ್ತೇನೆ. ಅಳಿಸಿದ್ದು ಎಲ್ಲೂ ಹೋಗುವುದಿಲ್ಲ, ಒಳಗೆ ಇರ್ತದೆ. ಆದರೆ ಆಧಾರ ಅಂತ ಏನು ಕೊಡುವುದು?’

‘ಸಂಚಿಕೆಗೆ ಕೊಟ್ಟದ್ದು, ಸಂಪಾದಕರು ತೆಗೆದದ್ದು ಅಂತ ಬರೆಯಿರಿ. ಅವರ ಹೆಸರೂ ಹಾಕಿ. ಅದೂ ಒಂದು ಆಧಾರವೇ’ ಎಂದು ಕುಸುಮ ಬಸಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅವನು ಊಟ ಮಾಡದೆ ಕಂಪ್ಯೂಟರಿನ ಮುಂದೆ ಕುಳಿತ. ಪಾಸ್‌ವರ್ಡನ್ನು ಬೆರಳುಗಳೇ ಹೊಡೆದವು. ಮೊದಲು ವಿಳಾಸದ ತಡೆ ತೆಗೆಯಬೇಕು, ಆಮೇಲೆ ಐದು ಹೆಸರುಗಳದ್ದು. ‘ಕಾರಣ’ ಎಂದು ಒಂದು ಖಾಲಿ ಚೌಕ ಕೇಳಿತು. ‘ನನ್ನ ತಪ್ಪು’ ಎಂದು ಬರೆದ. ಎರಡೇ ಶಬ್ದ. ಬೆಂಗಳೂರಿನ ಆ ಇಬ್ಬರು ಓದುತ್ತಾರೆ, ಫರ್ಹಾನ ಓದುತ್ತಾಳೆ, ಶಿಫಾನಾ ಓದುತ್ತಾರೆ. ಫಲ್ಗುಣಿ ಇಷ್ಟರವರೆಗೆ ಎಲ್ಲೂ ತಪ್ಪು ಮಾಡಿರಲಿಲ್ಲ. ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿ ‘ತಾಂತ್ರಿಕ ಕಾರಣ’ ಎಂದು ಬರೆದ. ಆರು ಸಲ ಅದನ್ನೇ ಬರೆದ. ಆಮೇಲೆ ಲೇಖನವನ್ನು ಹೊರಗೆ ತೆಗೆದ. ಅದು ಬಂದು ನಿಂತಿತು, ಏನೂ ಆಗದ ಹಾಗೆ. ಹೆಸರು ಕೇಳುತ್ತಿದ್ದರು ಎಂಬ ವಾಕ್ಯ ಅಲ್ಲೇ ಇತ್ತು. ಅದರ ಮುಂದಿನದ್ದು ಅವನು ಎರಡು ಸಲವೂ ಓದದೆ ಬಿಟ್ಟದ್ದು: ಹೆರುವವಳನ್ನು ಎಲ್ಲರೂ ಇಂಥವನ ಹೆಂಡತಿ, ಇಂಥವರ ಸೊಸೆ ಎನ್ನುವಾಗ ಖದೀಜ ಅವಳ ಹೆಸರು ಹಿಡಿದು ಕರೆಯುತ್ತಿದ್ದರು, ಕರೆದಾಗ ಓಗೊಡಲಿಕ್ಕಾದರೂ ಅವಳು ಉಸಿರು ಹಿಡಿದುಕೊಳ್ಳುತ್ತಾಳೆ ಎನ್ನುತ್ತಿದ್ದರು. ಇದನ್ನು ಓದುವಾಗ ಅವನಿಗೆ ಕುಸುಮಳ ಧ್ವನಿ ಸ್ಪಷ್ಟವಾಗಿ ಕೇಳಿತು. ಇಷ್ಟು ಚೆನ್ನಾಗಿ ಬರೆಯುತ್ತಾಳೆ ಎಂದು ಅನಿಸಿದಾಗ ಆದದ್ದು ಹೆಮ್ಮೆಯಲ್ಲ. ಒಂಬತ್ತು ಪುಟದ ಶಾಸನಗಳಲ್ಲಿ ಇಂಥ ಒಂದು ಸಾಲು ಅವನಿಗೆ ಬಂದಿರಲಿಲ್ಲ.

ಕೊನೆಯ ಪ್ಯಾರಾಕ್ಕೆ ಬಂದ. ‘ವೇಣೂರಿನ ಒಂದು ಮನೆಯಲ್ಲಿ ಹೆರಿಗೆ ತುಂಬ ಕಷ್ಟವಾಯಿತು. ಖದೀಜಮ್ಮ ಮೂರು ಗಂಟೆ ಹೊತ್ತು ಕುಸುಮಾ, ಕುಸುಮಾ ಎಂದು ಕರೆಯುತ್ತಲೇ ಇದ್ದರು. ಮಗು ಅತ್ತ ಕೂಡಲೇ ಹೊರಗಿನಿಂದ ಗಂಡಸಿನ ಧ್ವನಿ ಕೇಳಿತು: ಗಂಡೋ, ಹೆಣ್ಣೋ? ಖದೀಜಮ್ಮ ಬಾಗಿಲು ಅರ್ಧ ತೆಗೆದು ಹೇಳಿದರು: ಕುಸುಮ ಬದುಕಿದ್ದಾಳೆ. ಅದನ್ನು ಮೊದಲು ಕೇಳಬೇಕು ಮಾಸ್ಟ್ರೇ.’

ಅವನು ಅದನ್ನು ಮತ್ತೆ ಓದಿದ. ಇಲ್ಲ. ತಾನು ಕೇಳಿದ್ದು ಹಾಗಲ್ಲ. ಕುಸುಮ ಹೇಗಿದ್ದಾಳೆ ಎಂದೇ ಕೇಳಿದ್ದು, ಬಾಗಿಲ ಆ ಹಲಗೆಯ ಬಿರುಕೂ ನೆನಪಿದೆ. ಒಳಗಿದ್ದವಳಿಗೆ ನೋವಿನಲ್ಲಿ ಏನು ಕೇಳಿತೋ ಯಾರು ಹೇಳಬಲ್ಲರು? ಒಳಗಿದ್ದ ಇಬ್ಬರು ಹೆಂಗಸರು ಬಿಟ್ಟರೆ ಸಾಕ್ಷಿ ಇಲ್ಲ, ಅವರಲ್ಲಿ ಒಬ್ಬಳು ಸತ್ತಿದ್ದಾಳೆ. ಲೇಖನ ಉಳಿಯಬೇಕಾದರೆ ಅದು ನಿಯಮದ ಪ್ರಕಾರ ಇರಬೇಕು, ಇಲ್ಲದಿದ್ದರೆ ನಾಳೆ ಬೆಂಗಳೂರಿನವರೇ ಅಳಿಸುತ್ತಾರೆ, ಇದು ಅವಳ ಒಳ್ಳೆಯದಕ್ಕೇ ಎಂದು ಅವನು ತನಗೆ ಹೇಳಿಕೊಂಡ. ಆ ಪ್ಯಾರಾವನ್ನು ಮೊದಲಿನಿಂದ ಕೊನೆಯ ತನಕ ಗುರುತು ಮಾಡಿ ತೆಗೆದ. ಖಾಲಿ ಚೌಕ ಮತ್ತೆ ಕಾರಣ ಕೇಳಿತು. ಈ ಸಲ ಕೈ ತಡವರಿಸಲಿಲ್ಲ: ‘ಆಧಾರವಿಲ್ಲದ ಹೇಳಿಕೆ.’ ಉಳಿಸುವ ಗುಂಡಿ ಒತ್ತಿದ. ಯಾವ ಹೊತ್ತಿಗೆ, ಯಾರು, ಏನನ್ನು ತೆಗೆದರು ಎಂಬುದು ಲೇಖನದ ಇತಿಹಾಸದಲ್ಲಿ ಒಂದು ಸಾಲಾಗಿ ಸೇರಿತು.

‘ಬಂತಾ ವಾಪಸು?’ ಎಂದು ಅಡುಗೆಮನೆಯಿಂದ ಕುಸುಮ ಕೇಳಿದಳು.

‘ಬಂತು.’

‘ಪೂರ್ತಿ?’

‘ಪೂರ್ತಿ’ ಎಂದ ಮುಂಡಪ್ಪ.

ಒಳಗೆ ನಳ್ಳಿಯ ನೀರು ನಿಲ್ಲಿಸಿದ ಶಬ್ದವಾಯಿತು. ಕುಸುಮ ಸೆರಗಿಗೆ ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಕನ್ನಡಕ ಹಾಕಿಕೊಂಡು, ಓದುವುದಕ್ಕೆ ಬಂದಳು.